ಊರಿನ ಕಾರು: ಬೇಸ್ ತಗೊಂಡು ಹಾಕಿಸೋದಾ, ಟಾಪೇ ತರೋದಾ?

(ತೀರ್ಥಹಳ್ಳಿ ಮನೆಗೆ ಒಂದು ಸೆಕೆಂಡ್ ಹ್ಯಾಂಡ್ ಎಸ್‌ಯುವಿ, ಮೂರು ಪಾಲು: ಅಕ್ಕ, ಚಿಕ್ಕಪ್ಪ, ನಾನು. ಗುಂಪಿನ ಹೆಸರು ‘ನಮ್ಮನೆ’. ಗುಡ್ ಮಾರ್ನಿಂಗ್ ಹೂವುಗಳನ್ನ ತೆಗೆದು ಉಳಿದದ್ದನ್ನ ಇಲ್ಲಿ ಹಾಕಿದೀನಿ.)

ಚಿಕ್ಕಪ್ಪ: ಶಿವಮೊಗ್ಗದಲ್ಲಿ ಎರಡು ಹ್ಯುಂಡೈ ಕ್ರೆಟಾ ನೋಡ್ಕೊಂಡು ಬಂದೆ. ಎರಡೂ 2021, ಎರಡೂ ಡೀಸೆಲ್. ಬೇಸ್ ವೇರಿಯಂಟ್ ‘ಇ’ಗೆ 8.90 ಲಕ್ಷ ಹೇಳ್ತಾನೆ, ಟಾಪ್ ‘ಎಸ್‌ಎಕ್ಸ್ ಆಪ್ಷನಲ್’ಗೆ 12.25. ‘ಇ’ ತಗೊಂಡು ಒಂದು ಲಕ್ಷ ಸುರಿದ್ರೆ ಎಲ್ಲಾ ಹಾಕಿಸ್ಬಹುದು. ಉಳಿದಿದ್ದು ಜೇಬಿಗೆ.

ಅಕ್ಕ: ಎಲ್ಲಾ ಅಂದ್ರೆ ಎಂಥದು ಚಿಕ್ಕಪ್ಪ?

ಚಿಕ್ಕಪ್ಪ: ಟಚ್‌ಸ್ಕ್ರೀನ್, ರಿವರ್ಸ್ ಕ್ಯಾಮೆರಾ, ಅಲಾಯ್ ವೀಲ್, ಲೆದರ್ ಸೀಟ್ ಕವರ್, ಮುಂದೆ ಬಂಪರಿಗೆ ಒಂದು ಕಬ್ಬಿಣದ ಗಾರ್ಡ್. ಬೇಕಂದ್ರೆ ಸನ್‌ರೂಫೂ ಕೊರೆದು ಕೊಡ್ತಾರಂತೆ.

ಅಪ್ಪ: ಸನ್‌ರೂಫ್ ಎಂಥಕ್ಕೆ? ಆಗುಂಬೆ ಮಳೇಲಿ ತಲೆ ಹೊರಗೆ ಹಾಕ್ಲಿಕ್ಕಾ?

ನಾನು: ನನ್ನ ಓಟು ಟಾಪ್‌ಗೆ. ಹಿಂದಿನ ಕಾರಿಗೆ ಬೆಂಗಳೂರಲ್ಲಿ ಕ್ಯಾಮೆರಾ ಹಾಕಿಸಿದ್ದು ನೆನಪಿದೆಯಲ್ಲ? ಕಂಪನಿ ವೈರು ಕತ್ತರಿಸಿ ಇನ್ಸುಲೇಷನ್ ಟೇಪ್ ಸುತ್ತಿದ್ದ ಪುಣ್ಯಾತ್ಮ. ಎರಡು ದಿನ ನಿಲ್ಲಿಸಿದ್ರೆ ಬ್ಯಾಟರಿ ಡೌನ್. ಆರು ತಿಂಗಳು ಬ್ಯಾಟರಿಯನ್ನೇ ಬೈಕೊಂಡು ಓಡಾಡಿದೆ.

ಚಿಕ್ಕಪ್ಪ: ಅದು ಕೆಲಸದವನ ತಪ್ಪು, ಕ್ಯಾಮೆರಾದ್ದಲ್ಲ. ಕಂಪನಿ ಪ್ಲಗ್ಗಿಗೇ ಸಿಕ್ಕಿಸೋ ಕಪ್ಲರ್ ಹಾಕಿದ್ರೆ ವೈರು ಕತ್ತರಿಸೋದೇ ಬೇಡ.

ಭಾವ: ಚಿಕ್ಕಮಾವ, ಆ ಮಾತು ಸರಿ. ಸ್ಕ್ರೀನು, ಕ್ಯಾಮೆರಾ, ಸ್ಪೀಕರ್ ಯಾವತ್ತು ಬೇಕಾದ್ರೂ ಹಾಕಿಸ್ಬಹುದು. ಕಂಪನಿ ಸೈಜಿನ ಅಲಾಯೂ ಸರಿ. ಆದ್ರೆ ತಗಡು ಕೊರೆಯೋದು ಬೇಡ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ, ಕಂಪನಿಯ ಮೂಲ ರಚನೆ ಬದಲಾಯಿಸೋ ಹಾಗಿಲ್ಲ ಅಂತ. ಗಾರ್ಡ್ ಬೇಡ ಅಂತ 2017ರ ಡಿಸೆಂಬರಲ್ಲೇ ಕೇಂದ್ರ ಸರ್ಕಾರ ರಾಜ್ಯಗಳಿಗೆ ಬರೆದಿದೆ.

ಚಿಕ್ಕಪ್ಪ: ನನ್ನ ಹಳೇ ಜೀಪಿಗೆ ಗಾರ್ಡ್ ಇದ್ದಿದ್ದಕ್ಕೇ ಹಂದಿ ಹೊಡೆದಾಗ ರೇಡಿಯೇಟರ್ ಉಳಿದಿದ್ದು.

ಭಾವ: ಜೀಪಿಗೆ ಏರ್‌ಬ್ಯಾಗ್ ಎಲ್ಲಿತ್ತು? ಈ ಕಾರಲ್ಲಿ ಪೆಟ್ಟು ಸೆನ್ಸರಿಗೆ ಸರಿಯಾಗಿ ಮುಟ್ಟಿದ್ರೇ ಬ್ಯಾಗ್ ಬಿಚ್ಚೋದು. ನಡುವೆ ಕಬ್ಬಿಣ ಕೂರಿಸಿದ್ರೆ ಲೆಕ್ಕ ತಪ್ಪತ್ತೆ. ಇನ್ಶೂರೆನ್ಸ್ ಸರ್ವೇಗೆ ಹೋದಲ್ಲೆಲ್ಲ ಇದೇ ಪುರಾಣ ನಂದು. ಇನ್ನೊಂದು, ಹಾಕಿಸಿದ ಸಾಮಾನನ್ನ ಪಾಲಿಸಿಯಲ್ಲಿ ಬರೆಸ್ಬೇಕು. ಬರೆಸದೆ ಕಳವಾದ್ರೆ ಆ ಸಾಮಾನಿಗೆ ಒಂದು ಕಾಸೂ ಬರಲ್ಲ.

ಅಕ್ಕ: ಸರಿ, ಟಾಪೇ ತಗೊಂಡ್ರು ಅನ್ಕೊಳಿ. ಕಾರು ನಿಲ್ಲೋದು ಎಲ್ಲಿ? ಹಲಸಿನ ಮರದ ಕೆಳಗೆ. ಸನ್‌ರೂಫಿನ ಮೂಲೆಗಳಲ್ಲಿ ನೀರಿಳಿಯೋ ಸಣ್ಣ ಪೈಪ್ ಇರ್ತಾವೆ. ಅದಕ್ಕೆ ಕಸ ಕಟ್ಟಿದ್ರೆ ನೀರು ಒಳಗೇ ಇಳಿಯತ್ತೆ. ನಮ್ಮ ಪಕ್ಕದ ಮನೆಯವ್ರ ಕಾರಿನ ಕಾರ್ಪೆಟ್ ಹೋದ ಮಳೆಗಾಲದಲ್ಲಿ ಹಾಗೇ ಕೊಳೆತು ನಾರಿತು. ತಿಂಗಳಿಗೊಮ್ಮೆ ಪೈಪ್ ಕ್ಲೀನ್ ಮಾಡೋರು ಯಾರು, ಅಪ್ಪನಾ?

ಅಪ್ಪ: ನನ್ನಿಂದಾಗಲ್ಲ.

ಚಿಕ್ಕಪ್ಪ: ನೋಡಿ! ಅದಕ್ಕೇ ‘ಇ’ ಅಂದಿದ್ದು 😀

ಭಾವ: ನಗಬೇಡಿ. 2021ರ ‘ಇ’ಗೆ ಏರ್‌ಬ್ಯಾಗ್ ಎರಡೇ, ಟಾಪ್‌ಗೆ ಆರು. ಜಾರಿದಾಗ ಗಾಡಿ ಹಿಡಿದು ನಿಲ್ಲಿಸೋ ಇಎಸ್‌ಸಿನೂ ‘ಇ’ಯಲ್ಲಿಲ್ಲ. ಇವೆರಡನ್ನ ಯಾವ ಅಂಗಡಿಯಲ್ಲೂ ಹಾಕಿಸ್ಲಿಕ್ಕಾಗಲ್ಲ. ಮಾವನ್ನ ಚೆಕಪ್‌ಗೆ ಮಣಿಪಾಲಕ್ಕೆ ಕರ್ಕೊಂಡು ಹೋಗೋದು ಆಗುಂಬೆ ಘಾಟಿ ಮೇಲೆ, ಹದಿನಾಲ್ಕು ತಿರುವು, ಮಳೇಲಿ.

(ಇಲ್ಲಿ ಗುಂಪು ಹತ್ತು ನಿಮಿಷ ಸುಮ್ಮನಿತ್ತು. ನಮ್ಮನೇಲಿ ಅದೊಂದು ದಾಖಲೆ.)

ನಾನು: ಅಂದ್ರೆ ಟಾಪೇ ಅಂತಾಯ್ತಲ್ಲ ಭಾವ?

ಭಾವ: ಅಲ್ಲ. ವೇರಿಯಂಟ್ ಹಿಡ್ಕೊಂಡು ಜಗಳ ಆಡೋ ಬದ್ಲು ವರ್ಷ ನೋಡಿ. 2023ರ ಫೆಬ್ರವರಿಯಿಂದ ಕ್ರೆಟಾದ ಎಲ್ಲಾ ವೇರಿಯಂಟಿಗೂ ಆರು ಏರ್‌ಬ್ಯಾಗ್, ಇಎಸ್‌ಸಿ ಕೊಟ್ರು, ‘ಇ’ಗೂ ಸೇರಿ. ಅಂಥ ಬೇಸ್ ಸಿಕ್ರೆ ಚಿಕ್ಕಮಾವ ಹೇಳಿದ ಸ್ಕ್ರೀನು ಕ್ಯಾಮೆರಾ ಆಮೇಲೆ ಹಾಕಿಸ್ಬಹುದು. ಸೋರೋ ಸನ್‌ರೂಫೂ ಇರಲ್ಲ.

ಅಮ್ಮ (ವಾಯ್ಸ್ ಮೆಸೇಜು, ಹಿಂದೆ ಕುಕ್ಕರ್ ಸೀಟಿ): ನೀವು ಎಂಥಾದ್ರೂ ತಗೊಳಿ ಮಾರಾಯ್ರೆ. ನಂಗೆ ಮೊಣಕಾಲು ಎತ್ತಿ ಹತ್ಲಿಕ್ಕಾಗಲ್ಲ. ಕಾಲಿಡ್ಲಿಕ್ಕೆ ಒಂದು ಮೆಟ್ಟಿಲು ಇರ್ಲಿ. ಅದನ್ನ ಯಾರಾದ್ರೂ ಕೇಳಿದ್ರಾ?

ಚಿಕ್ಕಪ್ಪ: ಸೈಡ್ ಸ್ಟೆಪ್ ಅತ್ತಿಗೆ, ಹಾಕಿಸೋಣ. ಅದಕ್ಕಾದ್ರೂ ಕೋರ್ಟು ಅಡ್ಡ ಬರಲ್ಲ ತಾನೇ ಅಳಿಯಂದ್ರೆ?

ಭಾವ: ಹಾಕಿಸಿ. ತೀರಾ ಕೆಳಗೆ ಇಳಿಬಿಡಬೇಡಿ ಅಷ್ಟೇ. ಹೊಟ್ಟೆ ನೆಲದಿಂದ 190 ಮಿಲಿಮೀಟರ್ ಎತ್ತರ ಇರೋ ಗಾಡಿ, ನಮ್ಮ ಗದ್ದೆ ದಾರೀಲಿ ಸ್ಟೆಪ್ಪೇ ಮೊದಲು ಕಲ್ಲಿಗೆ ಬಡಿಯತ್ತೆ.

(ಮಾರನೇ ದಿನ)

ಚಿಕ್ಕಪ್ಪ: ಸಿಕ್ತು! 2023ರ ‘ಇ’, ಮಾರ್ಚಲ್ಲಿ ರಿಜಿಸ್ಟರ್ ಆಗಿದ್ದು, 10.10 ಹೇಳ್ತಿದಾನೆ. ಒಬ್ರೇ ಓನರ್. ಹತ್ತು ಸಾವಿರ ಅಡ್ವಾನ್ಸ್ ಕೊಡ್ಲಾ?

ಭಾವ: ಕೊಡಬೇಡಿ. ಆರ್‌ಸಿಯಲ್ಲಿ ತಯಾರಾದ ತಿಂಗಳು ಬೇರೆ ಇರತ್ತೆ, ಅದರ ಫೋಟೋ ಹಾಕಿ.

ಚಿಕ್ಕಪ್ಪ: 12/2022 ಅಂತಿದೆ.

ಅಕ್ಕ: ಅಯ್ಯೋ.

ಭಾವ: ಹಾಗಾದ್ರೆ ಹಳೇ ಸ್ಟಾಕು. ಆದ್ರೂ ಖಾತ್ರಿ ಮಾಡ್ಕೊಳಿ, ಡ್ರೈವರ್ ಸೀಟಿನ ಪಕ್ಕದಲ್ಲಿ ‘ಏರ್‌ಬ್ಯಾಗ್’ ಅಂತ ಚೀಟಿ ಇದೆಯಾ?

ಚಿಕ್ಕಪ್ಪ: ಕಾಣ್ತಿಲ್ಲ. ಲೆದರ್ ಸೀಟ್ ಕವರ್ ಹಾಕ್ಸಿದಾರೆ, ಅಂಚಿನವರೆಗೂ ಗಟ್ಟಿ ಹೊಲಿಗೆ.

ನಾನು: ಅಲ್ಲ ಭಾವ, ಬ್ಯಾಗ್ ಇದ್ದಿದ್ರೂ ಆ ಕವರ್ ಹರ್ಕೊಂಡು ಹೇಗೆ ಬರ್ತಿತ್ತು?

ಭಾವ: ಅದೇ ನಾನು ಬರೀತಿದ್ದೆ. ಚಿಕ್ಕಮಾವ, ಬಾಗಿಲ ಪಕ್ಕದ ಕಂಬದ ಮೇಲಾದ್ರೂ ನೋಡಿ, ಕಿಟಕಿ ಮೇಲಿಂದ ಪರದೆ ಹಾಗೆ ಇಳಿಯೋ ಕರ್ಟನ್ ಏರ್‌ಬ್ಯಾಗ್ ಇದ್ರೆ ಅಲ್ಲೂ ಬರೆದಿರ್ತಾರೆ.

ಚಿಕ್ಕಪ್ಪ: ಇಲ್ಲ. ಸ್ಟೇರಿಂಗ್ ಮೇಲೊಂದು, ಎದುರು ಡ್ಯಾಶ್ ಮೇಲೊಂದು. ಅಷ್ಟೇ.

ಅಪ್ಪ: ಸುರೇಶ, ಬಸ್ಸು ಹತ್ತಿ ವಾಪಸ್ ಬಾ. ಮಳೆಗಾಲಕ್ಕೆ ಇನ್ನೂ ಎರಡು ತಿಂಗಳಿದೆ.

ಚಿಕ್ಕಪ್ಪ: ಬರ್ತೀನಿ. ಸೈಡ್ ಸ್ಟೆಪ್ ಮಾತ್ರ ಈ ಗಾಡೀಲಿ ಚೆನ್ನಾಗಿತ್ತು ಅತ್ತಿಗೆ, ಫೋಟೋ ತಗೊಂಡಿದೀನಿ.