ಅಪ್‌ಡೇಟ್: ಸೇರಿದ ಮೇಲೆ ರಕ್ತ ಕಾಣ್ತಿತ್ತು ಅಂದಿದ್ನಲ್ಲ

ಮುಟ್ಟಲ್ಲದ ದಿನಗಳಲ್ಲೂ ಗಂಡನ ಜೊತೆ ಸೇರಿದಾಗ ರಕ್ತ ಬರ್ತಿದೆ, ಏನಿರಬಹುದು ಅಂತ ಕೇಳಿದ್ದೆ. ನಮ್ಮತ್ತೆ "ಉಷ್ಣ ಆಗೇತಿ, ಮಜ್ಜಿಗಿ ಕುಡಿ" ಅಂದ್ರು (ರಾಯಚೂರಿನ ಬಿಸಿಲಿಗೆ ಎಲ್ಲಾ ರೋಗಕ್ಕೂ ಉಷ್ಣನೇ ಕಾರಣ!). ಲೇಡಿ ಡಾಕ್ಟರ್ ಮೊದಲು ಗರ್ಭಿಣಿಯಲ್ಲ ಅಂತ ಖಾತ್ರಿ ಮಾಡ್ಕೊಂಡು, ಸ್ಪೆಕ್ಯುಲಂ (ಯೋನಿ ಅಗಲಿಸಿ ಒಳಗೆ ನೋಡೋ ಸಾಧನ) ಹಾಕಿ ನೋಡಿದ್ರು. ತಣ್ಣಗೆ, ಬಿಗಿ ಅನಿಸ್ತು, ನೋವಾಗಲಿಲ್ಲ. ಗರ್ಭಕೊರಳಲ್ಲಿ ಕೆಂಪಗಿನ ಸಣ್ಣ ಪಾಲಿಪ್ (ಮೆತ್ತನೆ ಗಂಟಿನಂಥ ಬೆಳವಣಿಗೆ), ತಾಗಿದ್ರೆ ಸಾಕು ರಕ್ತ. ಅಲ್ಲೇ ತಿರುಚಿ ತೆಗೆದು ಪರೀಕ್ಷೆಗೆ ಕಳಿಸಿದ್ರು, ಪ್ಯಾಪ್ ಸ್ಮಿಯರ್ (ಗರ್ಭಕೊರಳಿನ ಜೀವಕೋಶ ತೆಗೆದು ಕ್ಯಾನ್ಸರ್ ಸುಳಿವು ನೋಡೋ ಪರೀಕ್ಷೆ) ಕೂಡ ಮಾಡಿದ್ರು. ಎರಡೂ ನಾರ್ಮಲ್.

ಸೋಂಕು, ಯೋನಿ ಒಣಗೋದ್ರಿಂದಲೂ ಹೀಗಾಗ್ತದಂತೆ. ಅಪರೂಪಕ್ಕೆ ಕ್ಯಾನ್ಸರ್ ಇರಬಹುದು, ಹಾಗಾಗಿ ಮತ್ತೆ ಮತ್ತೆ ಆದ್ರೆ ತೋರಿಸಲೇಬೇಕು. ಗಂಟೆಗೊಂದು ಪ್ಯಾಡ್ ತೊಯ್ದ್ರೆ, ತಲೆ ಸುತ್ತಿದ್ರೆ, ಗರ್ಭಿಣಿಯಾಗಿದ್ರೆ ತಡ ಮಾಡಬಾರದು. ಮುಟ್ಟು ನಿಂತವರಿಗೆ ಒಂದು ಹನಿ ಕಂಡ್ರೂ ತೋರಿಸ್ಬೇಕಂತೆ. ಇದನ್ನ ಅತ್ತೆಗೂ ಹೇಳೀನಿ.