ಆಪ್‌ನಿಂದಲೇ ಇಮೇಲ್: ಪಾಸ್‌ವರ್ಡ್ ಎಲ್ಲಿಡಬೇಕು, ಉತ್ತರ ಹೇಗೆ ತರಿಸಬೇಕು?

ಪ್ರಶ್ನೆ: ನಮಸ್ಕಾರ ಮೇಡಂ. ಶಿವಮೊಗ್ಗದ ಒಂದು ಅಡಿಕೆ ಮಂಡಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದುಕೊಟ್ಟಿದ್ದೇನೆ. ಕಂಪ್ಯೂಟರಿಗೆ ಸಿ ಶಾರ್ಪ್, ಮೊಬೈಲಿಗೆ ಆಂಡ್ರಾಯ್ಡ್‌ನಲ್ಲಿ ಕಾಟ್ಲಿನ್. ಈಗ ಬಿಲ್ಲಿನ ಪಿಡಿಎಫ್ ಅಲ್ಲಿಂದಲೇ ಇಮೇಲ್ ಆಗಬೇಕು, ವ್ಯಾಪಾರಿಗಳ ಉತ್ತರವೂ ಅಲ್ಲೇ ಕಾಣಬೇಕು ಅಂತ ಮಾಲೀಕರು ಕೇಳುತ್ತಿದ್ದಾರೆ. ಮಂಡಿಯ ಇಮೇಲ್ ಪಾಸ್‌ವರ್ಡನ್ನು ಕೋಡ್‌ನಲ್ಲೇ ಬರೆದು ಮೇಲ್ ಸರ್ವರಿನ ಪೋರ್ಟ್ (ಸಂಪರ್ಕದ ಬಾಗಿಲ ಸಂಖ್ಯೆ) 25ಕ್ಕೆ ಪ್ರಯತ್ನಿಸಿದೆ, ಸಂಪರ್ಕವೇ ಸಿಗಲಿಲ್ಲ. 587ಕ್ಕೆ ಬದಲಿಸಿದರೆ ಪಾಸ್‌ವರ್ಡ್ ತಪ್ಪು ಅನ್ನುತ್ತದೆ. ಬ್ರೌಸರಿನಲ್ಲಿ ಅದೇ ಪಾಸ್‌ವರ್ಡ್ ನಡೆಯುತ್ತದೆ. ಎಲ್ಲಿ ತಪ್ಪಿದ್ದೇನೆ?

ಉತ್ತರ: ನಮಸ್ಕಾರ. ಮೊದಲು ಆ ಪಾಸ್‌ವರ್ಡನ್ನು ಇವತ್ತೇ ಬದಲಿಸಿ. ಕೋಡ್‌ನಿಂದ ಅಳಿಸಿದರೆ ಸಾಲದು, ಹಳೆಯ ಪ್ರತಿಗಳಲ್ಲಿ ಅದು ಉಳಿದೇ ಇರುತ್ತದೆ. ಎಪಿಕೆ, ಅಂದರೆ ಆಂಡ್ರಾಯ್ಡ್ ಆಪ್ ಇನ್‌ಸ್ಟಾಲ್ ಮಾಡುವ ಫೈಲ್, ಒಂದು ಜಿಪ್ ಫೈಲ್ ಅಷ್ಟೇ. ಸ್ವಲ್ಪ ಗೊತ್ತಿರುವ ಯಾರಾದರೂ ಬಿಚ್ಚಿ ಓದಬಹುದು. ಅವರು ಮಂಡಿಯ ಹೆಸರಲ್ಲಿ ಮೇಲ್ ಕಳಿಸುವುದು ಒಂದು ಕಡೆ, ಬಂದ ಮೇಲ್‌ಗಳನ್ನೂ ಓದುತ್ತಾರೆ. ಇದಕ್ಕೆ ನಾನು ಯಾವತ್ತೂ ರಿಯಾಯಿತಿ ಕೊಡುವುದಿಲ್ಲ.

ಪೋರ್ಟ್ 25 ಒಂದು ಮೇಲ್ ಸರ್ವರ್ ಇನ್ನೊಂದರ ಜೊತೆ ಮಾತಾಡಲು ಇರುವುದು. ಸ್ಪ್ಯಾಮ್ ಕಾಟಕ್ಕೆ ಬಹಳಷ್ಟು ನೆಟ್ ಕಂಪನಿಗಳು ಅದನ್ನು ಮುಚ್ಚಿರುತ್ತವೆ. ಆಪ್‌ಗಳಿಗೆ 465 ಅಥವಾ 587. 465ರಲ್ಲಿ ಸಂಪರ್ಕ ಮೊದಲಿನಿಂದಲೇ ಟಿಎಲ್‌ಎಸ್ ಎಂಬ ಗೂಢಲಿಪಿ ರಕ್ಷಣೆಯಲ್ಲಿ ಇರುತ್ತದೆ. 587ರಲ್ಲಿ ಶುರುವಾದ ಮೇಲೆ ಸ್ಟಾರ್ಟ್‌ಟಿಎಲ್‌ಎಸ್ ಹೇಳಿ ಬದಲಾಯಿಸಬೇಕು. ಸಿಕ್ಕರೆ 465 ಬಳಸಿ. ಸರ್ವರಿನ ಗುರುತು ಖಚಿತಪಡಿಸುವ ಸರ್ಟಿಫಿಕೇಟ್‌ನಲ್ಲಿ ದೋಷ ಬಂತು ಅಂತ ತಪಾಸಣೆಯನ್ನೇ ಆಫ್ ಮಾಡಬೇಡಿ.

ಪಾಸ್‌ವರ್ಡ್ ತಪ್ಪು ಅನ್ನುವುದಕ್ಕೆ ಹೆಚ್ಚಾಗಿ ಕಾರಣ ಬೇರೆ ಇರುತ್ತದೆ. ಖಾತೆಯ ಪಾಸ್‌ವರ್ಡನ್ನು ಆಪ್‌ಗಳಿಂದ ತೆಗೆದುಕೊಳ್ಳುವುದನ್ನು ಹಲವು ಸೇವೆಗಳು ನಿಲ್ಲಿಸಿವೆ. ಗೂಗಲ್ 2022ರ ಮೇ 30ರಿಂದ ವೈಯಕ್ತಿಕ ಖಾತೆಗಳಿಗೆ ನಿಲ್ಲಿಸಿತು. ಈಗ ದಾರಿ ಓಆತ್, ಅಂದರೆ ಆಪ್‌ಗೆ ಪಾಸ್‌ವರ್ಡ್ ಕೊಡದೆ ಅನುಮತಿ ಮಾತ್ರ ಕೊಡುವ ವಿಧಾನ. ಬಳಕೆದಾರರು ಇಮೇಲ್ ಸೇವೆಯ ಪುಟದಲ್ಲೇ ಲಾಗಿನ್ ಆಗುತ್ತಾರೆ, ನಿಮ್ಮ ಆಪ್‌ಗೆ ಟೋಕನ್ (ಅನುಮತಿಯ ಚೀಟಿ) ಮಾತ್ರ ಸಿಗುತ್ತದೆ. ಅದನ್ನು ಆಂಡ್ರಾಯ್ಡ್‌ನಲ್ಲಿ ಕೀಸ್ಟೋರ್‌ನ ಕೀಲಿಯಿಂದ ಗೂಢಲಿಪಿ ಮಾಡಿ ಇಡಿ, ವಿಂಡೋಸ್‌ನಲ್ಲಿ ಕ್ರೆಡೆನ್ಶಿಯಲ್ ಮ್ಯಾನೇಜರ್‌ನಲ್ಲಿ ಇಡಿ. ಒಂದೇ ಮಂಡಿಗೆ ಇಷ್ಟೆಲ್ಲ ಜಾಸ್ತಿ ಆಯ್ತು ಅನ್ನಿಸಿದರೆ, ಎರಡು ಹಂತದ ಪರಿಶೀಲನೆ ಆನ್ ಮಾಡಿದ ಗೂಗಲ್ ಖಾತೆಗೆ 16 ಅಕ್ಷರದ ಆಪ್ ಪಾಸ್‌ವರ್ಡ್ ಸಿಗುತ್ತದೆ. ಅದನ್ನೂ ಮಾಲೀಕರೇ ಸೆಟ್ಟಿಂಗ್ಸ್‌ನಲ್ಲಿ ಹಾಕಲಿ.

ಮೊಬೈಲಿನಲ್ಲಿ ಕಳಿಸುವುದಷ್ಟೇ ಸಾಕಾದರೆ ಇನ್ನೂ ಸುಲಭ. ಪಿಡಿಎಫ್ ಜೊತೆಗೆ ಫೋನಿನ ಮೇಲ್ ಆಪ್ ತೆರೆಯುವ ಇಂಟೆಂಟ್ (ಬೇರೆ ಆಪ್‌ಗೆ ಕೆಲಸ ಒಪ್ಪಿಸುವ ಕೋರಿಕೆ) ಕೊಡಿ. ಪಾಸ್‌ವರ್ಡಿನ ಮಾತೇ ಇಲ್ಲ.

ಇನ್ನೊಬ್ಬ ಸದಸ್ಯರು: ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ವಿಷಯದ ಸಾಲನ್ನು ಕನ್ನಡದಲ್ಲಿ ಹಾಕಿದರೆ ಚಿಕ್ಕದು ಸರಿ ಬರುತ್ತದೆ, ಉದ್ದವಾದರೆ ನಡುವೆ ಅಕ್ಷರ ಒಡೆಯುತ್ತದೆ. ಯಾಕೆ?

ಉತ್ತರ: ಒಳ್ಳೆ ಪ್ರಶ್ನೆ. ಇಮೇಲಿನ ತಲೆಭಾಗ ಹುಟ್ಟಿದ್ದು ಇಂಗ್ಲಿಷ್ ಅಕ್ಷರಗಳಿಗಾಗಿ. ಕನ್ನಡವನ್ನು ತುಂಡು ತುಂಡಾಗಿ ಬೇಸ್64 (ಇಂಗ್ಲಿಷ್ ಅಕ್ಷರ, ಅಂಕೆಗಳಲ್ಲಿ ಬರೆಯುವ ಪದ್ಧತಿ) ಮಾಡಿ ಅಲ್ಲಿ ಕೂರಿಸಬೇಕು. ಹೀಗೆ ಬದಲಿಸಿದ ಮೇಲೆ, ತುಂಡಿನ ಗುರುತುಗಳೂ ಸೇರಿ, ಒಂದು ತುಂಡಿಗೆ 75 ಅಕ್ಷರ ಮಿತಿ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್, ಹಾಗಾಗಿ ಒಂದು ತುಂಡಿನಲ್ಲಿ ಹಿಡಿಯುವುದು 15 ಸಂಕೇತ. 'ಲಕ್ಷ್ಮಿ' ಕಣ್ಣಿಗೆ ಎರಡೇ ಅಕ್ಷರ, ಒಳಗೆ ಒತ್ತು, ಗುಡಿಸು ಎಲ್ಲ ಸೇರಿ 7 ಸಂಕೇತ, 21 ಬೈಟ್. ಆ ಮೂರು ಬೈಟ್‌ಗಳ ನಡುವೆ ಕತ್ತರಿಸಿದರೆ ಅಕ್ಷರ ಒಡೆಯುತ್ತದೆ. ಸ್ವಂತ ಬರೆಯುವ ಬದಲು ಸಿ ಶಾರ್ಪ್‌ಗೆ ಮೇಲ್‌ಕಿಟ್, ಜಾವಾ ಕಡೆಗೆ ಜಕಾರ್ತಾ ಮೇಲ್ ಬಳಸಿ. ನಮ್ಮ ಭಾಷೆಯ ಬಿಲ್ಲು ನಮ್ಮ ಲಿಪಿಯಲ್ಲೇ ನೆಟ್ಟಗೆ ಹೋಗಬೇಕು ಅಲ್ವಾ?

ಮೊದಲು ಕೇಳಿದವರು: ಪಾಸ್‌ವರ್ಡ್ ಬದಲಿಸಿದೆ ಮೇಡಂ. ಮೇಲ್ ತರಿಸುವ ಕಡೆ, ನಿಮಿಷಕ್ಕೊಮ್ಮೆ ಇನ್‌ಬಾಕ್ಸ್ ಪೂರ್ತಿ ಇಳಿಸುತ್ತಿದ್ದೇನೆ. ತುಂಬ ನಿಧಾನ.

ಉತ್ತರ: ಕಳಿಸುವುದಕ್ಕಿಂತ ತರಿಸುವುದೇ ಕಷ್ಟ, ಸಮಯ ಇಟ್ಟುಕೊಳ್ಳಿ. ಸರ್ವರಿನಲ್ಲಿರುವ ಮೇಲ್ ಓದುವ ಐಮ್ಯಾಪ್ ಪದ್ಧತಿ ಬಳಸಿ, ಪೋರ್ಟ್ 993. ಪ್ರತಿ ಮೇಲಿಗೂ ಫೋಲ್ಡರಿನಲ್ಲಿ ಯುಐಡಿ ಅನ್ನುವ ಸಂಖ್ಯೆ ಇರುತ್ತದೆ. ಕೊನೆಯದನ್ನು ನೆನಪಿಟ್ಟುಕೊಂಡು ಅದರ ನಂತರದ್ದನ್ನು ಮಾತ್ರ ಕೇಳಿ. ಆ ಸಂಖ್ಯೆಗಳು ಇನ್ನೂ ಹಳೆಯವೇ ಅಂತ ತಿಳಿಸುವ, ಫೋಲ್ಡರಿನ ಯುಐಡಿ ವ್ಯಾಲಿಡಿಟಿ ಬದಲಾಗಿದ್ದರೆ ಹಳೆಯ ಲೆಕ್ಕ ಬಿಟ್ಟು ಹೊಸದಾಗಿ ಶುರು ಮಾಡಿ.

ಕಂಪ್ಯೂಟರಿನಲ್ಲಿ ಐಡಲ್ ಆಜ್ಞೆ ಕೊಟ್ಟು ಕಾಯಿರಿ, ಹೊಸದು ಬಂದರೆ ಸರ್ವರೇ ಹೇಳುತ್ತದೆ. 29 ನಿಮಿಷ ಆಗುವುದರೊಳಗೆ ಅದನ್ನು ಮತ್ತೆ ಕೊಡಬೇಕು. ಫೋನಿನಲ್ಲಿ ಇದು ನಿಲ್ಲುವುದಿಲ್ಲ. ಆಂಡ್ರಾಯ್ಡ್ 6ರಿಂದ ಡೋಜ್ ಇದೆ, ಸುಮ್ನೆ ಬಿದ್ದಿರುವ ಫೋನಿನ ನೆಟ್ ಸಂಪರ್ಕವನ್ನು ಅದು ತಡೆಯುತ್ತದೆ. ಆಂಡ್ರಾಯ್ಡ್‌ನಲ್ಲಿ ಹಿನ್ನೆಲೆ ಕೆಲಸ ನಡೆಸುವ ವರ್ಕ್‌ಮ್ಯಾನೇಜರ್‌ನಲ್ಲಿ ಕಡಿಮೆ ಅಂದರೆ 15 ನಿಮಿಷಕ್ಕೊಮ್ಮೆ ನೋಡಬಹುದು. ಮಂಡಿಗೆ ಅಷ್ಟು ಸಾಕು ಅಂತ ನನ್ನ ಅಭಿಪ್ರಾಯ.

ಯಾವ ಉತ್ತರ ಯಾವ ಬಿಲ್ಲಿಗೆ ಅಂತ ವಿಷಯದ ಸಾಲು ನೋಡಿ ಗುರುತಿಸಬೇಡಿ, ಜನ ಅದನ್ನು ತಿದ್ದುತ್ತಾರೆ. ಕಳಿಸುವಾಗ ಆ ಮೇಲಿನದೇ ಗುರುತಾದ ಮೆಸೇಜ್-ಐಡಿಯನ್ನು ಬಿಲ್ ನಂಬರಿನ ಜೊತೆ ಉಳಿಸಿ. ಉತ್ತರದ ಇನ್-ರಿಪ್ಲೈ-ಟು ಸಾಲಿನಲ್ಲಿ ಸಾಮಾನ್ಯವಾಗಿ ಅದೇ ಐಡಿ ವಾಪಸ್ ಬರುತ್ತದೆ.

ಮೊದಲು ಕೇಳಿದವರು: ಬಿಲ್ ಟೇಬಲ್‌ಗೆ ಈಗಲೇ ಒಂದು ಕಾಲಂ ಸೇರಿಸುತ್ತೇನೆ ಮೇಡಂ. ನೆಟ್ ಹೋದಾಗ ಗುಮಾಸ್ತರು ಬಟನ್ ಮತ್ತೆ ಒತ್ತಿ ಎರಡೆರಡು ಬಿಲ್ ಹೋಗುವುದನ್ನು ತಡೆಯುವುದಕ್ಕೂ ಅದೇ ನೆರವಾಗುತ್ತದಾ?

ಉತ್ತರ: ಆಗುತ್ತದೆ. ಬಟನ್ ಒತ್ತಿದ ಕೂಡಲೇ ಐಡಿ ಸಮೇತ ಔಟ್‌ಬಾಕ್ಸ್ ಟೇಬಲ್‌ಗೆ ಬರೆಯಿರಿ, ಕಳಿಸುವ ಕೆಲಸ ಹಿಂದೆ ನಡೆಯಲಿ. ಅದೇ ಬಿಲ್ ಸಾಲಿನಲ್ಲಿ ಇದ್ದರೆ ಬಟನ್ ಮತ್ತೆ ತೆಗೆದುಕೊಳ್ಳಬಾರದು.