ಒಂಬತ್ತು ವರ್ಷಗಳ ನಂತರ ಮತ್ತೆ ಓದು: ಡಿ ಆಂಜಾದಲ್ಲಿ ಸಿಐಎಸ್ ನನ್ನಿಂದ ಆದೀತೇ?

ಪ್ರಶ್ನೆ (ತುಂಗಾತೀರ)
ಶಿವಮೊಗ್ಗದಲ್ಲಿ ಬಿ.ಕಾಂ. ಮುಗಿಸಿ, ಸಹಕಾರ ಸಂಘವೊಂದರಲ್ಲಿ ಮೂರು ವರ್ಷ ಲೆಕ್ಕ ಬರೆದವಳು ನಾನು. ಮದುವೆಯಾಗಿ ಕ್ಯಾಲಿಫೋರ್ನಿಯಾದ ಸನಿವೇಲ್‌ಗೆ ಬಂದು ಆರು ವರ್ಷವಾಯಿತು. ಗಂಡನ ಕೆಲಸದ ವೀಸಾ ಆಧಾರದ ಮೇಲೆ ಸಿಗುವ ಎಚ್‌4 ವೀಸಾ ನನ್ನದು. ಮಗಳು ಈಗ ಶಾಲೆಗೆ ಹೋಗುತ್ತಾಳೆ. ಕುಪರ್ಟಿನೊದ ಡಿ ಆಂಜಾ ಕಾಲೇಜಿನಲ್ಲಿ ಕಂಪ್ಯೂಟರ್ ಇನ್‌ಫರ್ಮೇಷನ್ ಸಿಸ್ಟಮ್ಸ್ (ಸಿಐಎಸ್) ಓದುವ ಆಸೆ. ವೀಸಾ ಬದಲಿಸಬೇಕೇ? ಒಂದು ಸಾಲು ಕೋಡನ್ನೂ ಬರೆಯದವಳಿಗೆ ಇದು ಸಾಧ್ಯವೇ?

ಉತ್ತರ (ಬೇಏರಿಯಾ ಕನ್ನಡಿಗ)
ಓದಲು ಎಚ್‌4 ಸಾಕು, ವಿದ್ಯಾರ್ಥಿ ವೀಸಾ ಎಫ್‌1 ಬೇಡ. ಕ್ಯಾಲಿಫೋರ್ನಿಯಾ ನಿವಾಸಿ ಎಂದು ಕಾಲೇಜು ಒಪ್ಪಿದರೆ ಶುಲ್ಕ ಯೂನಿಟ್‌ಗೆ (ಪಾಠದ ಗಾತ್ರ ಅಳೆಯುವ ಕ್ರೆಡಿಟ್‌ಗೆ) 31 ಡಾಲರ್; ಉಳಿದವರಿಗೆ ಅದರ ಹಲವು ಪಟ್ಟು. ಹಾಗಾಗಿ ಒಂದು ವರ್ಷಕ್ಕಿಂತ ಹಳೆಯ ಬಾಡಿಗೆ ಕರಾರು, ತೆರಿಗೆ ಪತ್ರಗಳನ್ನು ಈಗಲೇ ತೆಗೆದಿಡಿ.

ಉತ್ತರ (ಮಲೆನಾಡಿನವಳು)
ಸಾಧ್ಯ. ನಾನೂ ಬಿ.ಕಾಂ., ಅಲ್ಲಿಯೇ ಓದಿದೆ.

ಅಲ್ಲಿ ಸಿ++ ಎಂಬ ಪ್ರೋಗ್ರಾಮಿಂಗ್ ಭಾಷೆಯ ಪಾಠಗಳಿಗೂ ಸಿಐಎಸ್ ಎಂದೇ ಹೆಸರು. ಹೀಗಾಗಿ ವಿಶ್ವವಿದ್ಯಾಲಯದ ಕಂಪ್ಯೂಟರ್ ಸೈನ್ಸ್ ಪದವಿಗೆ ವರ್ಗವಾಗಲು ಹೊರಟ ಹದಿನೆಂಟರ ಮಕ್ಕಳು ಪಕ್ಕದ ಕುರ್ಚಿಯಲ್ಲಿರುತ್ತಾರೆ. ಅವರ ಬೆರಳಿನ ವೇಗ ನೋಡಿ ಮೊದಲ ವಾರವೇ ನಾನು ಬಾತ್‌ರೂಮಿಗೆ ಹೋಗಿ ಅತ್ತೆ. ಪಾಯಿಂಟರ್ ಪಾಠ ಬಂದಾಗಲಂತೂ ಬಿಟ್ಟುಬಿಡುವ ನಿರ್ಧಾರವೇ ಆಗಿತ್ತು. ಅಂದು ಸಂಜೆ ಅನ್ನಕ್ಕಿಟ್ಟು ನಿಂತಿದ್ದಾಗ ದಿನದ ವಹಿವಾಟು ಬರೆಯುವ ಜರ್ನಲ್ ಪುಸ್ತಕ ನೆನಪಾಯಿತು. ಅದರಲ್ಲಿ ಎಲ್.ಎಫ್. (ಲೆಡ್ಜರ್ ಫೋಲಿಯೊ) ಎಂಬ ಸಣ್ಣ ಕಾಲಂ ಇರುತ್ತದಲ್ಲ? ಅಲ್ಲಿ ಬರೆಯುವುದು ಮೊತ್ತವನ್ನಲ್ಲ, ಆ ಖಾತೆ ಲೆಡ್ಜರಿನ ಯಾವ ಪುಟದಲ್ಲಿದೆ ಎಂಬುದನ್ನು. ಪಾಯಿಂಟರ್ ಮಾಡುವುದೂ ಅದನ್ನೇ: ಮೌಲ್ಯವನ್ನಲ್ಲ, ಮೌಲ್ಯ ಇರುವ ಜಾಗವನ್ನು ಹಿಡಿದಿಡುತ್ತದೆ. ಮರುದಿನ ಮೇಷ್ಟ್ರ ಆಫೀಸ್ ಅವರ್ಸ್‌ಗೆ (ತರಗತಿಯ ಹೊರಗೆ ಅವರು ಸಿಗುವ ಸಮಯಕ್ಕೆ) ಹೋಗಿ ಇದನ್ನೇ ಹೇಳಿದೆ. ಅವರು ಬೋರ್ಡಿನ ಮೇಲೆ ಲೆಡ್ಜರ್ ಬರೆಸಿ ನೋಡಿದರು. ಡೇಟಾಬೇಸ್ ಪಾಠಕ್ಕೆ ಬರುವ ಹೊತ್ತಿಗೆ ನಾನೇ ಆ ಮಕ್ಕಳಿಗೆ ಹೇಳಿಕೊಡುತ್ತಿದ್ದೆ. ಒಂದೇ ಗ್ರಾಹಕನ ವಿಳಾಸವನ್ನು ಹತ್ತು ಕಡೆ ಬರೆದಿಟ್ಟರೆ ಏನಾಗುತ್ತದೆ ಎಂದು ಲೆಕ್ಕ ಬರೆದವರಿಗೆ ಯಾರೂ ಕಲಿಸಬೇಕಿಲ್ಲ.

ಎಚ್ಚರಿಕೆ ಒಂದೇ. ಅಲ್ಲಿರುವುದು ಸೆಮಿಸ್ಟರ್ ಅಲ್ಲ, ಕ್ವಾರ್ಟರ್. ಸುಮಾರು ಹನ್ನೆರಡು ವಾರಗಳಲ್ಲಿ ಎಲ್ಲವೂ ಮುಗಿಯುತ್ತದೆ. ಮಗುವಿಗೆ ಒಂದು ವಾರ ಜ್ವರ ಬಂದರೆ ನೀವು ಒಂದು ಇಡೀ ಅಧ್ಯಾಯ ಹಿಂದೆ. ಮೊದಲ ಸಲ ಒಂದೇ ಪಾಠ ತೆಗೆದುಕೊಳ್ಳಿ.

ತುಂಗಾತೀರ
ಅಕ್ಕಾ, ಎಲ್.ಎಫ್. ಕಾಲಂ ಓದಿ ಕಣ್ಣು ತುಂಬಿತು. ನನಗೆ ಕಾರು ಓಡಿಸಲು ಬಾರದು. ಆನ್‌ಲೈನ್ ತರಗತಿ ಸಾಲದೇ?

ಮಲೆನಾಡಿನವಳು
ಮೊದಲ ಪಾಠಕ್ಕೆ ಬೇಡಮ್ಮ, ಎದುರು ಕುಳಿತು ಕೇಳಿ. ಸನಿವೇಲ್‌ನಿಂದ ಇಲ್ಲಿನ ಸಾರಿಗೆ ಸಂಸ್ಥೆ ವಿಟಿಎಯ 55ನೇ ಬಸ್ ಕಾಲೇಜಿಗೇ ಬರುತ್ತದೆ. ನಾನೂ ಅದರಲ್ಲೇ ಓಡಾಡಿದ್ದು, ಅರ್ಧ ಓದು ಆ ಬಸ್ಸಿನಲ್ಲೇ ಆಯಿತು.